ಲ್ಯಾಬಣ್ಣನ ಗುಂಡಿಗೆ ಪಾಠ

ಸರಗೂರಿನ ಬಸ್‌ಸ್ಟ್ಯಾಂಡಿನಿಂದ ನಾನು ಕೆಲಸ ಮಾಡುವ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಮಟನ್ ಅಂಗಡಿ ಇದೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಆಗಷ್ಟೇ ಕೊಕ್ಕೆಗೆ ತೂಗುಹಾಕಿದ್ದ ಆಡಿನ ಶ್ವಾಸಕೋಶ ಕಣ್ಣಿಗೆ ಬಿತ್ತು. ಗಂಟಲಿನ ನಾಳದ ಸಮೇತ, ನಸುಗೆಂಪಗೆ, ಇನ್ನೂ ತೇವ ಆರಿರಲಿಲ್ಲ. ಹಸಿ ರಕ್ತದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ನಮ್ಮದು ಮಾಂಸ ತಿನ್ನದ ಮನೆತನ. ಅವ್ವ ಜೊತೆಗಿದ್ದಿದ್ದರೆ ಮೂಗಿಗೆ ಸೆರಗು ಹಿಡಿದು ಬೇಗ ಬೇಗ ದಾಟುತ್ತಿದ್ದಳು. ನಾನು ನಿಂತುಬಿಟ್ಟೆ. ಅಂಗಡಿಯವನು “ಏನ್ ಕೊಡ್ಲಿ ಮೇಡಂ?” ಅಂದ. ಏನೂ ಬೇಡವೆಂದು ತಲೆಯಾಡಿಸಿ ಮುಂದೆ ನಡೆದೆ. ಆ ವಾಸನೆ ಮಾತ್ರ ಡ್ಯೂಟಿ ಮುಗಿಯುವವರೆಗೂ ನನ್ನ ಜೊತೆಯಲ್ಲೇ ಇತ್ತು...

ನಾನು ಓದಿದ ಪಿಯು ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಒಬ್ಬರು ಅಟೆಂಡರ್ ಇದ್ದರು. ನಾವೆಲ್ಲ ಅವರನ್ನು ಲ್ಯಾಬಣ್ಣ ಅನ್ನುತ್ತಿದ್ದೆವು. ಐವತ್ತರ ಆಸುಪಾಸು, ಕುಳ್ಳಗಿನ ಆಳು, ಅರ್ಧ ನೆರೆತ ಮೀಸೆ. ಓದಿದ್ದು ಏಳನೇ ಕ್ಲಾಸು. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯ ಹಿಂದೆ ನಿಂತು, ಮೈಕ್ರೋಸ್ಕೋಪು ಒರೆಸುತ್ತ, ಗಾಜಿನ ಜಾಡಿಗಳಿಗೆ ಫಾರ್ಮಲಿನ್ ತುಂಬಿಸುತ್ತ, ಬಂದು ಹೋದ ಮೇಷ್ಟ್ರುಗಳ ಪಾಠವನ್ನೆಲ್ಲ ಕೇಳಿದ್ದರು. ಕೇಳಿದ್ದನ್ನು ಒಂದೂ ಮರೆತಿರಲಿಲ್ಲ.

ನಾನು ಹಂಪಾಪುರದ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ, ಪಿಯುಸಿಗೆ ಬಂದಾಗ ಇಂಗ್ಲಿಷ್ ಪುಸ್ತಕ ನೋಡಿ ಕಂಗಾಲಾಗಿದ್ದೆ. ಸಾಲದ್ದಕ್ಕೆ ಮೊದಲ ವರ್ಷವೇ ಜೀವಶಾಸ್ತ್ರದ ಮೇಡಂ ಹೆರಿಗೆ ರಜೆಗೆ ಹೋದರು. ಮನುಷ್ಯನ ದೇಹದ ಅಧ್ಯಾಯಗಳೆಲ್ಲ ಹಾಗೇ ಉಳಿದವು. ಪ್ರಿನ್ಸಿಪಾಲರು ಬೇರೆಯವರನ್ನು ಹುಡುಕುತ್ತಿದ್ದರು. ಅಷ್ಟರಲ್ಲಿ ಒಂದು ದಿನ ಲ್ಯಾಬಣ್ಣ ಪ್ಲಾಸ್ಟಿಕ್ ಬಕೆಟ್ಟೊಂದನ್ನು ತಂದು ಲ್ಯಾಬಿನ ಮೇಜಿನ ಮೇಲಿಟ್ಟು, “ಸುಮ್ನೆ ಕೂತ್ಕಳ ಬದ್ಲು ಇದ್ನಾರಾ ನೋಡ್ಬನ್ನಿ” ಅಂದರು.

ಬಕೆಟ್ಟಿನಲ್ಲಿದ್ದದ್ದು ಆಡಿನ ಶ್ವಾಸಕೋಶ, ಗುಂಡಿಗೆ, ಲಿವರು, ಒಂದಷ್ಟು ಕರುಳು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಓಡಿ, ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಲ್ಯಾಬಣ್ಣ ಹಿಂದೆಯೇ ಬಂದು ನೀರಿನ ಚೊಂಬು ಕೊಟ್ಟರು.

“ನಿಮ್ ಮನೇಲಿ ತಿನ್ನಲ್ಲ ಅಂತ ಗೊತ್ತು ಕಣವ್ವ. ಇದು ತಿನ್ನಕ್ಕಲ್ಲ, ತಿಳ್ಕಳಕ್ಕೆ. ನಿನ್ನೊಳ್ಗೂ ಇಂಥದ್ದೇ ಇರದು. ಅದ್ಕೆ ಏನ್ ಅಸಯ್ಯ ಪಡ್ತೀಯೆ?”

ಬಾಯಿ ತೊಳೆದುಕೊಂಡು ಒಳಗೆ ಹೋದೆ.

ಆವತ್ತು ಅವರು ಸೈಕಲ್ ಪಂಪಿನ ಕೊಳವೆಯನ್ನು ಶ್ವಾಸಕೋಶದ ಗಾಳಿನಾಳಕ್ಕೆ ಸಿಕ್ಕಿಸಿ, ದಾರ ಸುತ್ತಿ, ಮೆಲ್ಲಗೆ ಗಾಳಿ ತುಂಬಿದರು. ಮುದುರಿ ಬಿದ್ದಿದ್ದ ಮಾಂಸ ಅರಳಿತು. ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಮೇಜಿನ ಮೇಲೆ ಎರಡು ರೆಕ್ಕೆಯಂತೆ ಎದ್ದಿತು. ನಾವು ಮೂವತ್ತು ಜನ ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ಅದರದೇ ಒಂದು ಚೂರು ಕುಯ್ದು ನೀರಿಗೆ ಹಾಕಿದರು. ತೇಲಿತು. ಲಿವರಿನ ಚೂರು ಹಾಕಿದರು. ಮುಳುಗಿತು. “ನೀವು ಎಷ್ಟೇ ಉಸ್ರು ಬುಟ್ರೂ ಒಸಿ ಗಾಳಿ ಒಳಗೇ ಉಳೀತದೆ. ಪೂರ್ತಿ ಖಾಲಿ ಆಯ್ತದೆ ಅನ್ನೋದು ಸುಳ್ಳು. ಪುಸ್ತಕದಲ್ಲಿ ರೆಸಿಡ್ಯುಯಲ್ ವಾಲ್ಯೂಮ್ ಅಂತಾರಲ್ಲ, ಅದೇ ಇದು” ಅಂದರು. ಅದುವರೆಗೆ ಆ ಪದ ನನಗೆ ಬಾಯಿಪಾಠದ ಒಂದು ಸಾಲು ಮಾತ್ರ ಆಗಿತ್ತು.

ಸಣ್ಣ ಕರುಳಿನ ಉದ್ದ ಯಾರಿಗೂ ನೆನಪಿರುತ್ತಿರಲಿಲ್ಲ. “ನಿಮ್ಮವ್ವನ ಸೀರೆಗಿಂತ ಒಂದು ಮೊಳ ಜಾಸ್ತಿ ಅಂತ ತಿಳ್ಕಳಿ” ಅಂದರು. ಆಮೇಲೆ ಯಾರೂ ಮರೆಯಲಿಲ್ಲ. ರಕ್ತದ ಓಟ ಕಲಿಸಿದ್ದು ಲ್ಯಾಬಿನ ನೆಲದ ಮೇಲೆ. ಸೀಮೆಸುಣ್ಣದಲ್ಲಿ ನಾಲ್ಕು ಕೋಣೆ ಬರೆದು, ಕಿಟಕಿಯ ಕಡೆ ಶ್ವಾಸಕೋಶವೆಂದು ಗುರುತು ಹಾಕಿ, ನಮ್ಮ ಕೈಗೆ ನೀಲಿ ಸೀಮೆಸುಣ್ಣ ಕೊಟ್ಟು ನಡೆಸಿದರು. ಬಲಗಡೆಯ ಮೇಲಿನ ಕೋಣೆಗೆ ಬಂದು, ಕೆಳಗಿನ ಕೋಣೆಗಿಳಿದು, ಕಿಟಕಿಯ ಹತ್ತಿರ ಹೋಗಿ ನೀಲಿ ಕೊಟ್ಟು ಕೆಂಪು ತೆಗೆದುಕೊಂಡು ಎಡಗಡೆಗೆ ಬರಬೇಕು. ಯಾರಾದರೂ ಹಿಂದಕ್ಕೆ ಕಾಲಿಟ್ಟರೆ, “ಏಯ್, ಬಾಗ್ಲು ಹಾಕಾಯ್ತು ಕಣವ್ವ! ವಾಪಸ್ ಬರಂಗಿಲ್ಲ” ಅಂತ ಕೂಗುತ್ತಿದ್ದರು. ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು.

ಕೊನೆಗೆ ಗುಂಡಿಗೆಯನ್ನು ಅಂಗೈ ಮೇಲಿಟ್ಟುಕೊಂಡು ಅದರ ಮೈಮೇಲೆ ಹರಿದ ಸಣ್ಣ ನಾಳಗಳನ್ನು ತೋರಿಸಿದರು. “ಒಳ್ಗೆ ಇಷ್ಟೊಂದ್ ರಕ್ತ ತುಂಬ್ಕಂಡಿದ್ರೂ ಅದ್ರಿಂದ ತಾನು ಉಣ್ಣಕ್ಕಾಗಲ್ಲ ಇದ್ಕೆ. ಇದರ ಊಟ ಬರೋದು ಈ ಸಣ್ಣ ದಾರೀಲಿ. ಇದು ಕಟ್ಕಂಡ್ರೆ ಮುಗೀತು.” ಅಷ್ಟು ಹೇಳಿ ಅದನ್ನು ಮೆತ್ತಗೆ, ನೋವಾದೀತೇನೋ ಎಂಬಂತೆ, ತಟ್ಟೆಯಲ್ಲಿಟ್ಟರು.

ಮೊದಲ ಸಲ ನೀಟ್ ಬರೆದಾಗ ನನಗೆ ಮೆಡಿಕಲ್ ಸೀಟು ಸಿಗಲಿಲ್ಲ. ಅಪ್ಪ ನರ್ಸಿಂಗ್ ಸೇರಿಸುವುದೆಂದು ತೀರ್ಮಾನಿಸಿಬಿಟ್ಟರು. ಅದು ಹೇಗೆ ತಿಳಿಯಿತೋ, ಒಂದು ಮಧ್ಯಾಹ್ನ ಲ್ಯಾಬಣ್ಣ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಲಿಯ ತುದಿಯಲ್ಲಿ ಕೂತರು. ಒಳಗೆ ಬನ್ನಿ ಅಂತ ಅಪ್ಪ ಅನ್ನಲಿಲ್ಲ, ಅವರೂ ಏಳಲಿಲ್ಲ. ಅವ್ವ ಅವರಿಗೆ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಳು. ಅಪ್ಪನಿಗೆ ಎಂದಿನ ಸ್ಟೀಲ್ ಲೋಟ. ನನಗೆ ನೆಲ ನೋಡುವಂತಾಯಿತು. ಇನ್ನೊಂದು ಸಲ ನೀಟ್ ಬರೆಯಲು ಬಿಡಿ ಅಂತ ಲ್ಯಾಬಣ್ಣ ಕೇಳಿದರು.

“ಒಂದ್ ವರ್ಸ ಮನೇಲಿ ಕೂರಿಸ್ಕಂಡ್ರೆ ಜನ ಏನಂದಾರು?” ಅಂದರು ಅಪ್ಪ.

“ಕೂರ್ಸೋದ್ ಬ್ಯಾಡ ಯಜಮಾನ್ರೆ, ಕಾಲೇಜಿಗೆ ಕಳ್ಸಿ. ಲ್ಯಾಬಲ್ಲಿ ಓದ್ಕಳ್ಳಿ, ಪ್ರಿನ್ಸಿಪಾಲರ ಕೇಳ್ಕಂಡೇ ಬಂದಿವ್ನಿ. ಇಪ್ಪತ್ ವರ್ಸದಿಂದ ಮಕ್ಕಳ ನೋಡ್ತಾವ್ನಿ. ಈ ಕೂಸು ವಾಂತಿ ಮಾಡ್ಕಂಡು ಮತ್ತೆ ಒಳಕ್ಕೆ ಬಂತು. ಅಂಥವ್ರು ಬುಡಲ್ಲ.”

ಅಪ್ಪ ಲೋಟ ಕೆಳಗಿಟ್ಟು, “ಒಂದೇ ವರ್ಸ” ಅಂದರು. ಲ್ಯಾಬಣ್ಣ ಕಾಫಿ ಚೆನ್ನಾಗಿತ್ತೆಂದು ಅವ್ವನಿಗೆ ಹೇಳಿ, ಖಾಲಿ ಲೋಟವನ್ನು ತಾವೇ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಆ ವರ್ಷ ಲ್ಯಾಬಿನ ಮೂಲೆಯ ಸ್ಟೂಲೇ ನನ್ನ ಜಾಗ. ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅವರು ಜಾಡಿ ಒರೆಸುತ್ತ ಪ್ರಶ್ನೆ ಕೇಳುತ್ತಿದ್ದರು. ಇಂಗ್ಲಿಷ್ ಓದಲು ತಡವರಿಸುತ್ತಿದ್ದರಿಂದ ನಾನೇ ಆಯ್ಕೆಗಳನ್ನು ಓದಿ ಹೇಳಬೇಕಿತ್ತು. ಉತ್ತರ ಮಾತ್ರ ನನಗಿಂತ ಮೊದಲೇ ಅವರಿಗೆ ಗೊತ್ತಿರುತ್ತಿತ್ತು. ಎರಡನೇ ಸಲ ಮೈಸೂರಿನಲ್ಲಿ ಸರ್ಕಾರಿ ಸೀಟು ಸಿಕ್ಕಿತು. ಸುದ್ದಿ ಹೇಳಲು ಹೋದಾಗ ಲ್ಯಾಬಣ್ಣ ಕುರ್ಚಿಯ ಮೇಲೆ ಕುಸಿದು ಕೂತು, ಅಳುತ್ತಿದ್ದಾರೆಂದು ಯಾರಿಗೂ ತಿಳಿಯದಿರಲೆಂದು ಕಪಾಟಿನ ಕಡೆ ಮುಖ ಮಾಡಿಕೊಂಡರು. ಆವತ್ತಿನಿಂದ ನಾನು ಅವರಿಗೆ ಡಾಕ್ಟ್ರವ್ವ ಆದೆ.

ಹಾಸ್ಟೆಲ್ ಸೇರಿದ ಮೇಲೆ ಆಗಾಗ ಫೋನ್ ಮಾಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವರೂ ಒಮ್ಮೊಮ್ಮೆ ಮಾತಾಡುತ್ತಿದ್ದರು. ಲ್ಯಾಬಣ್ಣ ಮಾತ್ರ ಮನುಷ್ಯರ ಗುಂಡಿಗೆ ಆಡಿನದಕ್ಕಿಂತ ಎಷ್ಟು ದೊಡ್ಡದು, ಒಳಗಿನ ಕವಾಟಗಳನ್ನು ಎಳೆದು ಹಿಡಿಯುವ ದಾರಗಳು ಹಾಗೇ ಇರುತ್ತವಾ ಅಂತೆಲ್ಲ ಕೇಳುತ್ತಿದ್ದರು. ಮೊದಮೊದಲು ನನಗೂ ಹೇಳಲು ಆಸೆ. ಬರಬರುತ್ತ ಪರೀಕ್ಷೆ, ಹೊಸ ಗೆಳತಿಯರು... ಫೋನ್ ಬಂದರೆ ಆಮೇಲೆ ಮಾಡೋಣ ಅನ್ನಿಸತೊಡಗಿತು.

ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಟೆಸ್ಟಿಗೆಂದು ಮೆಟ್ಟಿಲು ಹತ್ತುತ್ತಿದ್ದಾಗ ಅವರ ಫೋನ್ ಬಂತು. ಕತ್ತರಿಸಿದೆ. ಮತ್ತೆ ಬಂತು.

“ಡಾಕ್ಟ್ರವ್ವಾ, ಕ್ಲಾಸಲ್ಲಿದ್ದೀಯಾ?”

“ಟೆಸ್ಟ್ ಇದೆ ಅಣ್ಣ. ಬೇಗ ಹೇಳಿ.”

“ಏನಿಲ್ಲ ಬುಡು. ನೆನ್ನೆ ಬೀಗರೂಟಕ್ಕೆ ಓಗಿದ್ದೆ. ಬೆಳಗ್ಗಿಂದ ಹೊಟ್ಟೆ ಮೇಲ್ಗಡೆ ಯಾಕೋ ಕಲ್ಲಿಟ್ಟಂಗದೆ. ತೇಗೂ ಬತ್ತಿಲ್ಲ. ಒಸಿ ಬೆವರು. ನಿಮ್ಮಕ್ಕ ಆಸ್ಪತ್ರೆಗೆ ನಡೀರಿ ಅಂತಾವ್ಳೆ.”

“ಗ್ಯಾಸ್ಟ್ರಿಕ್ ಅಣ್ಣ ಅದು. ಮೆಡಿಕಲ್ ಸ್ಟೋರಲ್ಲಿ ಮಾತ್ರೆ ತಗೊಂಡು ಮಲಗಿ. ಮಧ್ಯಾಹ್ನ ನಾನೇ ಫೋನ್ ಮಾಡ್ತೀನಿ.”

“ಅಂಗಂತೀಯಾ? ಸರಿ ಬುಡು. ನೀನ್ ಓಗಿ ಬರಿ.”

ಆ ಟೆಸ್ಟಿನಲ್ಲಿ ಏನು ಕೇಳಿದ್ದರೋ ಈಗ ಒಂದೂ ನೆನಪಿಲ್ಲ. ಮುಗಿದ ಮೇಲೆ ಗೆಳತಿಯರ ಜೊತೆ ಕ್ಯಾಂಟೀನಿಗೆ ಹೋದೆ. ಫೋನ್ ಮಾಡುವುದು ಮರೆತೇಹೋಯಿತು. ನಾಲ್ಕು ಗಂಟೆಯ ಹೊತ್ತಿಗೆ ಪಿಯುಸಿಯ ಸಹಪಾಠಿಯೊಬ್ಬಳು ಫೋನ್ ಮಾಡಿ ಅಳತೊಡಗಿದಳು.

ಲ್ಯಾಬಣ್ಣನ ಮನೆ ಹುಣಸೂರು ರಸ್ತೆಯಿಂದ ಒಳಗಿರುವ ಹಳ್ಳಿಯಲ್ಲಿ. ಮಾರನೆಯ ದಿನ ಹೋದೆ. ಅಕ್ಕ ನನ್ನ ಕೈ ಹಿಡಿದು, “ಡಾಕ್ಟ್ರವ್ವನೇ ಯೋಳವ್ಳೆ, ಇನ್ಯಾವ ಆಸ್ಪತ್ರೆ ಅಂದ್ರು ಕಣವ್ವ. ನೀನ್ ಯೋಳ್ದಂಗೇ ಮಾತ್ರೆ ನುಂಗಿ ಮಲಗಿದ್ರು. ಮತ್ತೆ ಏಳ್ನೇ ಇಲ್ಲ” ಅಂದರು. ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದರು, ಅಷ್ಟೇ. ಮಣ್ಣು ಮಾಡಿ ಬಂದ ಮೇಲೆ ಯಾರಿಗೂ ಹೇಳದೆ ಬಸ್ ಹತ್ತಿದೆ. ತಿಥಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಆರು ವರ್ಷ.

ಹೃದಯಾಘಾತದ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳಬಹುದೆಂದು ಎರಡು ವರ್ಷದ ನಂತರ ಕ್ಲಾಸಿನಲ್ಲಿ ಹೇಳಿದರು. ಪಕ್ಕದವರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ ಕೆಳಗಿಟ್ಟು ಕೂತಿದ್ದೆ. ಆವತ್ತು ನನಗೆ ಅದು ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಿಲ್ಲ ಅನ್ನಬಹುದಿತ್ತಲ್ಲ? ಆಸ್ಪತ್ರೆಗೆ ಹೋಗಿ ಅನ್ನಲು ಎಷ್ಟು ಹೊತ್ತು ಬೇಕಿತ್ತು...

ಆ ಭಾನುವಾರ, ಮಟನ್ ಅಂಗಡಿ ದಾಟಿ ಹೋದ ದಿನ, ಗ್ಯಾಸ್ ತುಂಬಿಕೊಂಡಿದೆ ಅಂತ ರೈತರೊಬ್ಬರು ಬಂದರು. ಒಂದು ಇಂಜೆಕ್ಷನ್ ಹಾಕಿ ಕಳಿಸಿ ಅಂದರು. ಹೊಟ್ಟೆಯುರಿ ಅಂದವರಿಗೂ ನಾನು ಇಸಿಜಿ ಮಾಡಿಸುತ್ತೇನೆಂದು ಜೊತೆಯವರು ತಮಾಷೆ ಮಾಡುವುದುಂಟು. ಆ ರೈತರಿಗೂ ಮಾಡಿಸಿದೆ. ಹೃದಯಾಘಾತವೇ. ಕೊಡಬೇಕಾದ ಮಾತ್ರೆ ಕೊಟ್ಟು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದೆವು. ನಾಲ್ಕು ದಿನದ ಮೇಲೆ ಅವರ ಹೆಂಡತಿ ಬಂದು, ಉಳಿದುಕೊಂಡರು ಅಂತ ಹೇಳಿ ನನ್ನ ಕಾಲಿಗೆ ಬೀಳಲು ಬಗ್ಗಿದರು. ನಾನು ಹಿಂದೆ ಸರಿದೆ. ಆ ನಮಸ್ಕಾರ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮುಂದಿನ ರಜೆಯ ದಿನ ಹುಣಸೂರು ಬಸ್ ಹತ್ತಿದೆ.

ಅಕ್ಕ ಮನೆಯ ಮುಂದಿನ ಚಪ್ಪರದಡಿ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಗುರುತು ಹಿಡಿದರು. ಕೂತ್ಕೋ ಅಂದರು. ಕೂತು, ಎಲ್ಲ ಹೇಳಿದೆ. ಟೆಸ್ಟಿನ ಅವಸರ, ಫೋನ್ ಕತ್ತರಿಸಿದ್ದು, ಮಧ್ಯಾಹ್ನ ಮರೆತದ್ದು, ಅದು ಗ್ಯಾಸ್ಟ್ರಿಕ್ ಆಗಿರಲಿಲ್ಲ ಅನ್ನುವುದು. ಅವರ ಕೈ ಎಲೆ ಕಟ್ಟುತ್ತಲೇ ಇತ್ತು. ಆಮೇಲೆ ನಿಂತಿತು.

“ಇದ್ನ ಯೋಳಕ್ಕೆ ಆರು ವರ್ಸ ಬೇಕಾಯ್ತಾ?”

ಅಕ್ಕ ಕಡ್ಡಿಯನ್ನು ಪಕ್ಕಕ್ಕಿಟ್ಟರು.

“ನಾನು ಅವ್ರ ಕೈ ಮುಟ್ಟಿ ನೋಡಿದ್ದೆ ಕಣವ್ವ” ಅಂದರು. “ತಣ್ಣಗೆ ಕೊರೀತಿತ್ತು. ಒದ್ದೆ ಬೇರೆ. ಮಲಗವ್ರಲ್ಲ ಅಂತ ಸುಮ್ನೆ ಕೆರೆ ತಾವ್ಕೆ ಬಟ್ಟೆ ತಕಂಡೋದೆ. ನಾನೊಬ್ಳು ಅಲ್ಲೇ ಕೂತಿದ್ರೆ... ನಾನೇ ಕೊಂದೆ ಅಂತ ಇಷ್ಟು ವರ್ಸ ಯಾರ್ಗೂ ಯೋಳ್ದೆ ಇದ್ದೆ.”

ನನ್ನ ಮೌನ ನನ್ನದೊಬ್ಬಳದೇ ಎಂದುಕೊಂಡಿದ್ದೆ. ನಾನು ದೂರ ಉಳಿದ ಅಷ್ಟೂ ವರ್ಷ ಈ ಹೆಂಗಸು ತನ್ನನ್ನೇ ಶಪಿಸಿಕೊಳ್ಳುತ್ತ ಬದುಕಿದ್ದರು. ಒಂದು ದಿನ ಬಂದು ಹೋಗಿದ್ದರೆ...

“ಡಾಕ್ಟ್ರು ತಾನೆ ನೀನು, ಯೋಳು. ಕರ್ಕಂಡೋಗಿದ್ರೆ ಬದುಕ್ತಿದ್ರಾ?”

ಇಂಥ ಪ್ರಶ್ನೆಗೆ ಸಮಾಧಾನದ ಉತ್ತರಗಳಿವೆ. ಆಸ್ಪತ್ರೆಯಲ್ಲಿ ದಿನವೂ ಹೇಳುತ್ತೇವೆ. ಅವರಿಗೆ ಹೇಳಲಾಗಲಿಲ್ಲ.

“ಬದುಕಿರಬಹುದಿತ್ತು ಅಕ್ಕ.”

ಅವರು ಅಳಲಿಲ್ಲ. ಎಲೆಯ ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಂಡರು. “ಎಲ್ರೂ ಟೈಮ್ ಬಂದಿತ್ತು, ಒಂಟೋದ್ರು ಅಂದ್ರು. ನಂಗೆ ಅದು ಒಳಕ್ಕೇ ಇಳೀಲಿಲ್ಲ” ಅಂದರು. ಆಮೇಲೆ ಮತ್ತೆ ಎಲೆ ಕಟ್ಟತೊಡಗಿದರು.

ಬಸ್ಸಿನ ಹೊತ್ತಿಗೆ ರಸ್ತೆಯವರೆಗೂ ಬಂದರು. ಮತ್ತೆ ಬಾ ಅನ್ನಲಿಲ್ಲ. ಬರಬೇಡ ಅಂತಲೂ ಅನ್ನಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಾಗ, “ಅವ್ರು ಇದ್ದಿದ್ರೆ ನಿನ್ನ ಆಸ್ಪತ್ರೆ ನೋಡಕ್ಕೆ ದಿನಾ ಬತ್ತಿದ್ರು” ಅಂದರು. ಹೌದು ಅಂದೆ. ಇಷ್ಟು ವರ್ಷದಲ್ಲಿ ಲ್ಯಾಬಣ್ಣನ ಬಗ್ಗೆ ನಾನು ಇನ್ನೊಬ್ಬರ ಜೊತೆ ಆಡಿದ ಮೊದಲ ಮಾತುಗಳು ಅಂದಿನವೇ. ಕಿಟಕಿಯಿಂದ ನೋಡಿದಾಗ ಅಕ್ಕ ಅಲ್ಲೇ ನಿಂತಿದ್ದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.