ಗಾಳಿ ಹೋಗದ ಟೈರು

ಮಣ್ಣುದಾರಿಯ ಬೈಕಿಗೆ ಪಂಚರ್ ಆಗದ ಹಾಗೆ ಏನು ಹಾಕಿಸಬಹುದು ಎಂದು ಕೇಳಲು ಆರ್.ಟಿ. ನಗರದ ಅಂಗಡಿಗೆ ಹೋಗುವಷ್ಟರಲ್ಲಿ ನಾನು ಭಾಷೆ ಕೊಟ್ಟಾಗಿತ್ತು. ಅಪ್ಪ ಅಂಗೈ ಚಾಚಿದ್ದ, ನಾನು ಅದರ ಮೇಲೆ ಅಂಗೈ ಬಡಿದಿದ್ದೆ. ನಮ್ಮ ಕಡೆ ದನ ಕೊಳ್ಳುವುದು, ಗುತ್ತಿಗೆ, ಸಂಬಂಧ ಒಪ್ಪುವುದು ಎಲ್ಲವೂ ಹೀಗೇ ನಡೆದುಬಂದದ್ದು. ಈಗ ಲೇಔಟು ಮಾಡುವ ನೆಂಟರೂ ಮೊದಲು ಕೈ ಬಡಿದೇ ಆಮೇಲೆ ಪತ್ರಕ್ಕೆ ಸಹಿ ಹಾಕುತ್ತಾರೆ. ನಾನು ಕೊಟ್ಟ ಭಾಷೆ ಇಷ್ಟು: ಇನ್ನೊಂದು ಸಲ ಪಂಚರ್ ಆಗಿ ದಾರಿಯಲ್ಲಿ ನಿಂತರೆ ಬೈಕ್ ಮಾರಬೇಕು, ಹಳ್ಳಿ ಸುತ್ತುವುದನ್ನು ಬಿಡಬೇಕು, ಹೆಬ್ಬಾಳದಲ್ಲಿ ದೊಡ್ಡಪ್ಪ ಕಟ್ಟಿಸಿರುವ ಕಾಂಪ್ಲೆಕ್ಸಿನ ಕೆಳಗಿನ ಮಳಿಗೆಯಲ್ಲಿ ನಾಯಿ-ಬೆಕ್ಕಿನ ಕ್ಲಿನಿಕ್ ತೆರೆಯಬೇಕು.

ನಾನು ದನದ ಡಾಕ್ಟರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಹಾಲು ಕರೆದು, ಕೊಟ್ಟಿಗೆ ಬಾಚಿ, ಸೆಗಣಿಯ ವಾಸನೆ ಹೋಗಲೆಂದು ಕೈಯನ್ನು ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು ಯಲಹಂಕದಲ್ಲಿ ಬಸ್ ಹತ್ತುತ್ತಿದ್ದೆ. ಕಾಲೇಜಿಗೆ ಹೋದರೆ ಅಲ್ಲಿ ಮೊದಲ ಪ್ರಾಕ್ಟಿಕಲ್ಲಿನಲ್ಲೇ ಹಸುವಿನ ಹಿಂದೆ ನಿಲ್ಲಿಸಿ ಮೊಳಕೈವರೆಗೆ ಕೈ ಹಾಕಿಸಿದರು. ಜೊತೆಯವರು ಮೂಗು ಮುಚ್ಚಿಕೊಂಡಿದ್ದರು, ನನಗೆ ನಗು ತಡೆಯಲಾಗಲಿಲ್ಲ. ಇಂಗ್ಲಿಷ್ ಪುಸ್ತಕ ಮಾತ್ರ ನನ್ನನ್ನು ಅಳಿಸಿತು. ಅತ್ತುಕೊಂಡೇ ಓದಿ ಪಾಸಾದೆ. ಆ ಪದವಿಯ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ.

ಭಾಷೆಗೆ ಕಾರಣ ಹೆಸರಘಟ್ಟದ ಆಚೆಯ ಒಂದು ಕೆರೆಯಂಗಳ. ಕರು ಹಾಕಿಸಿ ವಾಪಸು ಬರುವಾಗ ಜಾಲಿಮುಳ್ಳು ಹೊಕ್ಕು ಹಿಂದಿನ ಚಕ್ರ ಕೂತುಬಿಟ್ಟಿತು. ಫೋನಿನ ಚಾರ್ಜೂ ಮುಗಿಯಿತು. ಬೈಕು ಬಿಟ್ಟು ನಡೆಯಲು ಮನಸ್ಸಿಲ್ಲದೆ ಯಾರಾದರೂ ಬರುತ್ತಾರೆಂದು ಕಾಯುತ್ತಾ ಕೂತೆ. ಬಂದವನು ಅಪ್ಪ, ಟಾರ್ಚ್ ಹಿಡಿದುಕೊಂಡು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು.

"ಓದ್ಸಿದ್ದು ಇಂಗೆ ಕೆರೆ ಒಳಗೆ ಒಬ್ಳೇ ಕೂತ್ಕಳಾಕೇನಮ್ಮಾ?" ಎಂದ. ಆಮೇಲೆ ಮನೆಯಲ್ಲಿ ಕೈ ಚಾಚಿದ. ಇನ್ನೊಂದು ಕೈಯ ಟಾರ್ಚ್ ಆರಿಸುವುದನ್ನೂ ಮರೆತಿದ್ದ. ಅದಕ್ಕೇ ಬಡಿದೆ.

ಆರ್.ಟಿ. ನಗರದ ಅಂಗಡಿಯವನಿಗೆ ತೋಳು ತುಂಬ ಹಚ್ಚೆ, ಬಾಯಿ ತುಂಬ ಮಾತು.

"ವೀಕೆಂಡ್ ಟ್ರೇಲ್ ರೈಡಿಂಗಾ ಮೇಡಂ?"

"ವಾರವೆಲ್ಲ. ದನ ನೋಡಕ್ಕೆ."

"ಸೂಪರ್ ಕಣ್ರೀ! ನಮ್ ಹುಡುಗ್ರು ರೀಲ್ಸ್ ಮಾಡಕ್ಕೆ ಹೋಗ್ತಾರೆ, ನೀವು ಕೆಲಸಕ್ಕೇ ಹೋಗ್ತೀರಾ" ಎಂದು ಒಂದೊಂದೇ ಸರಕನ್ನು ಮೇಜಿನ ಮೇಲಿಟ್ಟ. ದಪ್ಪ ಟ್ಯೂಬು ಮುಳ್ಳು ತಡೆಯುತ್ತದೆ, ಮೊಳೆ ತಡೆಯುವುದಿಲ್ಲ. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪಟ್ಟಿ ಒಳ್ಳೆಯದೇ, ಆದರೆ ಬರುಬರುತ್ತಾ ಪಟ್ಟಿಯ ಅಂಚೇ ಟ್ಯೂಬನ್ನು ತಿನ್ನುತ್ತದೆ. ಟ್ಯೂಬಿಲ್ಲದ ಟೈರು ಮಾಡಿಸೋಣವೆಂದರೆ ನನ್ನದು ಕಡ್ಡಿ ಚಕ್ರ, ಕಲ್ಲಿಗೆ ಬಡಿದು ರಿಮ್ಮು ಸೊಟ್ಟಗಾದ ದಿನ ಅಂಚಿನಿಂದಲೇ ಗಾಳಿ ಹೋಗುತ್ತದೆ. ಟ್ಯೂಬಿನೊಳಗೆ ಸುರಿಯುವ ಹಸಿರು ದ್ರಾವಣ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ, ದೊಡ್ಡದಾದರೆ ಇಲ್ಲ. ಕೊನೆಗೆ ಕಪ್ಪು ಸ್ಪಂಜಿನ ಬಳೆಯಂಥದ್ದೊಂದನ್ನು ತಂದು ತಟ್ಟಿದ.

"ಇದಕ್ಕೆ ಗಾಳೀನೇ ಇಲ್ಲ ಮೇಡಂ. ಇನ್ನು ಹೋಗೋದೇನು?"

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. "ಇದನ್ನೇ ಹಾಕಿ."

"ಟಾರ್ ರೋಡಲ್ಲಿ ಎಷ್ಟು ಓಡಿಸ್ತೀರಾ?"

"ಅರ್ಧಕ್ಕರ್ಧ. ರಕ್ತದ ಸ್ಯಾಂಪಲ್ ಹೆಬ್ಬಾಳದ ಲ್ಯಾಬಿಗೆ ನಾನೇ ತಂದುಕೊಡ್ಬೇಕು."

ಬಳೆಯನ್ನು ವಾಪಸು ಎತ್ತಿಟ್ಟ. "ಹಂಗಾದ್ರೆ ಬೇಡ. ಏರ್‌ಪೋರ್ಟ್ ರೋಡಲ್ಲಿ ಸ್ಪೀಡ್ ಹೊಡೆದ್ರೆ ಒಳಗೇ ಕಾದು ಪುಡಿಪುಡಿ ಆಗುತ್ತೆ. ಇದು ಬರೀ ಮಣ್ಣಲ್ಲಿ ಓಡಿಸೋರಿಗೆ."

ಬರೀ ಮಣ್ಣಲ್ಲಿ ಓಡಿಸುವವರಿಗೆ ಒಂದಿದೆ, ಬರೀ ಟಾರಿನವರಿಗೆ ಇನ್ನೊಂದಿದೆ. ಬೆಳಿಗ್ಗೆ ಕೆರೆ ಏರಿ, ಮಧ್ಯಾಹ್ನ ಫ್ಲೈಓವರ್ ಎನ್ನುವವರಿಗೆ ಯಾರೂ ಏನೂ ಮಾಡಿಲ್ಲ. ದಪ್ಪ ಟ್ಯೂಬು ಹಾಕಿಸಿ, ಒಳಗೆ ಹಸಿರು ದ್ರಾವಣ ತುಂಬಿಸಿದೆ. ಅಂಗಡಿಯವನು ಬಾಗಿಲವರೆಗೂ ಬಂದು ಹೇಳಿದ: "ಮೊಳೆ ಹೊಕ್ಕಿದ್ರೆ ಕೀಳ್ಬೇಡಿ ಮೇಡಂ. ಹಂಗೇ ನಿಧಾನಕ್ಕೆ ಓಡಿಸ್ಕೊಂಡು ಬನ್ನಿ."

ಆಮೇಲಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಬೈಕಿನ ಮೇಲೆ ಕೂತರೆ ದಾರಿ ಕಾಣಿಸುತ್ತಿರಲಿಲ್ಲ, ದಾರಿಯಲ್ಲಿರುವ ಮುಳ್ಳು, ತಂತಿ, ಬಾಟಲಿ ಚೂರು ಮಾತ್ರ ಕಾಣಿಸುತ್ತಿದ್ದವು. ಊಟಕ್ಕೆ ಕೂತಾಗ ಅಮ್ಮನ ಕುಕ್ಕರ್ ಉಸಿರು ಬಿಟ್ಟರೂ ಎದ್ದು ಹೊರಗೆ ಹೋಗಿ ಟೈರು ಒತ್ತಿ ನೋಡುತ್ತಿದ್ದೆ. ಕೆಟ್ಟ ಜಾಡುಗಳಿಗೆ ಹೋಗುವುದನ್ನು ತಪ್ಪಿಸತೊಡಗಿದೆ. "ಹಸೂನ ಟಾರ್ ರೋಡಿಗೆ ಹಿಡ್ಕೊಂಡು ಬನ್ನಿ" ಎಂದು ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ಒಬ್ಬ ಮುದುಕ ಗೊರಸು ಕೀವಾಗಿದ್ದ ಹಸುವನ್ನು ಅಷ್ಟು ದೂರ ನಡೆಸಿಕೊಂಡು ಬಂದ.

"ನಿಮ್ ಟೈರ್ ನೋಯ್ಬಾರ್ದು ಅಂತ ನಮ್ಮಸ ಕುಂಟ್ಕಂಡ್ ಬರ್ಬೇಕಾ ಡಾಕ್ಟ್ರಮ್ಮಾ?" ಎಂದ. ನಗುತ್ತಲೇ ಅಂದದ್ದು. ನಾನು ತಲೆಯೆತ್ತದೆ ಗೊರಸು ತೊಳೆದೆ. ನಾಯಿಯ ಕ್ಲಿನಿಕ್ಕಿಗೆ ಹೋಗಬಾರದೆಂದು ಟೈರು ಕಾಯುತ್ತಿದ್ದೆ, ಟೈರು ಕಾಯಲು ಹೋಗಿ ಹಸುವಿನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಸೋಲದೇವನಹಳ್ಳಿಯ ಆಚೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಯಶವಂತಪುರ ಮಾರ್ಕೆಟ್ಟಿನಿಂದ ತಂದ ಕೋಸಿನ ಎಲೆ ತಿಂದು ಹಸುವಿನ ಹೊಟ್ಟೆ ಉಬ್ಬಿದೆ, ಬಾಯಿ ತೆರೆದು ಏದುಸಿರು ಬಿಡುತ್ತಿದೆ. ಅದನ್ನು ನಡೆಸಿಕೊಂಡು ಬಾ ಎನ್ನುವಂತಿರಲಿಲ್ಲ. ಹೊರಟೆ.

ಆ ಮನೆಗೆ ಇರುವುದು ಹಳೆಯ ಗಾಡಿಜಾಡು. ಎರಡೂ ಕಡೆಯ ಹೊಲ ಲೇಔಟಾಗಿ, ಎರಡು ಎತ್ತರದ ಕಾಂಪೌಂಡುಗಳ ನಡುವೆ ಜಾಡು ಮಾತ್ರ ಉಳಿದಿದೆ. ಎದುರಿಗೆ ಇನ್ನೊಂದು ಗಾಡಿ ಬಂದರೆ ಜಾಗವಿಲ್ಲ. ನಡುಮಧ್ಯೆ ಹಿಂದಿನ ಚಕ್ರ ಟಿಕ್ ಟಿಕ್ ಎನ್ನತೊಡಗಿತು. ಇಳಿದು ನೋಡಿದರೆ ಮನೆ ಕಟ್ಟುವವರ ಸೆಂಟ್ರಿಂಗ್ ಹಲಗೆಯ ಉದ್ದನೆ ಮೊಳೆ. ಗಾಳಿ ಇನ್ನೂ ಇತ್ತು. ಹಾಗೇ ಓಡಿಸಿದ್ದರೆ ಹಸುವಿನ ಮನೆ ಮುಟ್ಟುತ್ತಿದ್ದೆನೇನೋ. ಆದರೆ ಗೊರಸಿಗೆ ಮೊಳೆ ಹೊಕ್ಕರೆ ಮೊದಲು ಕೀಳು, ಆಮೇಲೆ ತೊಳೆ ಎಂದು ಕಲಿತ ಕೈ ಇದು. ಬ್ಯಾಗಿನ ಇಕ್ಕಳ ತೆಗೆದು ಕಿತ್ತೇಬಿಟ್ಟೆ. ಅಂಗಡಿಯವನ ಮಾತು ನೆನಪಾಗುವಷ್ಟರಲ್ಲಿ ಹಸಿರು ದ್ರಾವಣ ಬುಸ್ಸೆಂದು ಮುಖಕ್ಕೆ ಹಾರಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ನೊರೆ ಬಂತು, ಕಟ್ಟಿಕೊಳ್ಳುವ ಹಾಗೆ ಕಂಡಿತು, ಕಟ್ಟಿಕೊಳ್ಳಲಿಲ್ಲ. ಚಕ್ರ ನೆಲಕ್ಕೆ ಕೂತಿತು.

ಎರಡೂ ಕಡೆ ಗೋಡೆ. ಹಿಂದಕ್ಕೂ ದೂರ, ಮುಂದಕ್ಕೂ ದೂರ. ಫೋನಿನಲ್ಲಿ ಆ ಹೆಂಗಸು, "ಎಲ್ಲಿದ್ದೀಯವ್ವಾ, ಬೀಳಂಗಾಗೈತೆ" ಎಂದು ಅಳುತ್ತಿದ್ದಳು. ಅಪ್ಪ ಅವತ್ತು ಜೋಳದ ಕಡ್ಡಿ ತರಲು ಲಗೇಜ್ ಆಟೋದಲ್ಲಿ ಸೋಲದೇವನಹಳ್ಳಿಗೇ ಬಂದಿದ್ದ. ಅವನಿಗೆ ಹೇಳದೆ ಬೈಕನ್ನು ಮೆಲ್ಲಗೆ ತಳ್ಳಿಕೊಂಡು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅಷ್ಟರಲ್ಲಿ ಹಸು ಸಾಯುತ್ತದೆ. ಅಪ್ಪನಿಗೆ ಫೋನ್ ಮಾಡಿದೆ.

ಬಂದ. ಕೂತ ಚಕ್ರವನ್ನೂ ನನ್ನ ಹಸಿರು ಮುಖವನ್ನೂ ನೋಡಿದ. "ಕೂತ್ಕ" ಎಂದಷ್ಟೇ ಹೇಳಿ, ಬೈಕನ್ನು ಗೋಡೆಗೊರಗಿಸಿ ಆಟೋ ನುಗ್ಗಿಸಿದ. ಹಸುವಿನ ಮೂಗುದಾರವನ್ನು ಅವನೇ ಹಿಡಿದ. ಎಡಪಕ್ಕೆಯಲ್ಲಿ ಹಳ್ಳವಿರಬೇಕಾದ ಕಡೆ ಉಬ್ಬಿದ್ದ ಜಾಗ ನೋಡಿ, ಕೊಳವೆಸೂಜಿ ಚುಚ್ಚಿ ಗಾಳಿ ಬಿಟ್ಟೆ. ಆ ನಾತಕ್ಕೆ ಹೆಂಗಸು ಸೆರಗು ಮುಚ್ಚಿಕೊಂಡು ಅಳುತ್ತಳುತ್ತಲೇ ನಕ್ಕಳು. ಹಸು ತೂರಾಡಿ, ಆಮೇಲೆ ಗಟ್ಟಿಯಾಗಿ ನಿಂತುಕೊಂಡಿತು.

ವಾಪಸು ಬೈಕಿನ ಹತ್ತಿರ ಬಂದಾಗ ಅಪ್ಪ ಆಟೋ ಆಫ್ ಮಾಡಿದ.

"ಬಾಸೆ ಕೊಟ್ಟಿದ್ದೆ."

"ಕೊಟ್ಟಿದ್ದೆ."

"ದೊಡ್ಡಪ್ಪಂಗೆ ಏನಂತ ಏಳ್ಳಿ?"

"ಬರಲ್ಲ ಅಂತ ಹೇಳು. ಮಾತು ತಪ್ತೀನಿ ಅಪ್ಪ."

ಅವನು ಹೊಡೆಯುತ್ತಾನೇನೋ ಎನಿಸಿತು. ಎಂದೂ ಹೊಡೆದವನಲ್ಲ. "ನಮ್ಮನೇಲಿ ಇವತ್ತಿನ್ಗಂಟ ಯಾರೂ ಮಾತು ತಪ್ಪಿಲ್ಲ" ಎಂದ.

"ನಮ್ಮನೇಲಿ ಇವತ್ತಿನ್ಗಂಟ ಯಾರೂ ಡಾಕ್ಟ್ರೂ ಆಗಿರ್ಲಿಲ್ಲ. ಪಂಚರ್ ಆಗ್ದೇ ಇರೋ ಟೈರು ಇಡೀ ಬೆಂಗಳೂರಲ್ಲಿ ಇಲ್ಲಪ್ಪ. ಹುಡುಕ್ದೆ."

ಇಬ್ಬರೂ ಸೇರಿ ಬೈಕನ್ನು ಆಟೋದಲ್ಲಿದ್ದ ಜೋಳದ ಕಡ್ಡಿಯ ಮೇಲೆ ಎತ್ತಿ ಹಾಕಿದೆವು. ಮನೆಯವರೆಗೂ ಅವನು ಬಾಯಿ ಬಿಡಲಿಲ್ಲ.

ನನ್ನ ಜೊತೆ ಈಗಲೂ ಬಾಯಿ ಬಿಟ್ಟಿಲ್ಲ. ನಾನು ಬಿಡಿ ಟ್ಯೂಬು, ಪಂಪು, ಟೈರು ಬಿಚ್ಚುವ ಕಬ್ಬಿಣಗಳನ್ನು ಔಷಧಿಯ ಬ್ಯಾಗಿನ ಜೊತೆ ಕಟ್ಟಿಕೊಂಡು ಓಡಾಡುತ್ತೇನೆ. ಅಂಗಳದಲ್ಲಿ ಕೂತು ಚಕ್ರ ಬಿಚ್ಚಿ ಹಾಕುವುದನ್ನು ಕಲಿತೆ, ಉಗುರುಗಳು ಕಪ್ಪಾಗಿವೆ. ಬೆಳಿಗ್ಗೆ ಹೊರಡುವಾಗ ಅಪ್ಪ ಮಾರು ದೂರದಲ್ಲಿ ಜಗಲಿಯ ಮೇಲೆ ಕಾಫಿ ಕುಡಿಯುತ್ತಿರುತ್ತಾನೆ, ಮುಖ ರಸ್ತೆಯ ಕಡೆಗೆ.

"ಯಾವ್ ಕಡೀಕೆ ಓಗ್ತಾಳಂತೆ ಕೇಳು" ಎನ್ನುತ್ತಾನೆ ಅಮ್ಮನಿಗೆ.

ಅಮ್ಮ ನನ್ನನ್ನು ಕೇಳುತ್ತಾಳೆ. ನಾನು ಊರಿನ ಹೆಸರು ಹೇಳುತ್ತೇನೆ, ಅವನಿಗೆ ಕೇಳಿಸುವಷ್ಟು ಜೋರಾಗಿಯೇ. ಅವನು ಕದಲುವುದಿಲ್ಲ. ಅಮ್ಮ ಅವನ ಕಡೆ ತಿರುಗಿ ಅದೇ ಹೆಸರನ್ನು ಇನ್ನೊಂದು ಸಲ ಹೇಳುತ್ತಾಳೆ. ಆಗ ತಲೆಯಾಡಿಸುತ್ತಾನೆ.