ಹಳ್ಳದ ಮೇಲೆ ನಾನೆಳೆದ ಗೆರೆ

ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ನರ್ಸ್‌ಗಳ ಸಣ್ಣ ತಂಡವೊಂದಕ್ಕೆ ನಾನು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆ. ರೋಗಿಯ ಮನೆ ಎಲ್ಲಿದೆ, ದಾರಿ ಯಾವುದು ಎಂಬುದೂ ಅದರಲ್ಲಿ ಕಾಣಬೇಕೆಂದು ಅವರು ಕೇಳಿದರು. ದುಡ್ಡು ಕೊಟ್ಟು ಬಳಸುವ ನಕಾಶೆ ಅವರಿಗೆ ನಿಲುಕುವಂತಿರಲಿಲ್ಲ. ಯಾರು ಬೇಕಾದರೂ ಬಳಸಬಹುದಾದ, ತಿದ್ದಲೂಬಹುದಾದ ಮುಕ್ತ ನಕಾಶೆಯನ್ನು ಜೋಡಿಸಿದೆ. ಶಿವಬಸವ ನಗರದ ನನ್ನ ಕೋಣೆಯಲ್ಲಿ ಕೂತು ಎರಡೇ ದಿನಕ್ಕೆ ಮುಗಿಸಿದ ಕೆಲಸ. ಬೆಳಗಾವಿಯ ಓಣಿ ಓಣಿಯೂ ಪರದೆಯ ಮೇಲೆ ಬಂತು. ಖಾನಾಪುರ ದಾಟಿದರೆ ಬರೀ ಕಾಡಿನ ಹಸಿರು, ಒಂದು ದಾರಿಯ ಗೆರೆಯೂ ಇಲ್ಲ.

ತಂಡದ ಹಿರಿಯ ನರ್ಸ್ ಅದನ್ನು ನೋಡಿ, “ನಮ್ಮ ಮಂದಿ ಇರೂದು ಈ ಹಸಿರಿನ್ಯಾಗರೀ,” ಅಂದರು.

ಹಾಗಾಗಿ ಆ ಬೇಸಿಗೆಯೆಲ್ಲ ಅವರ ಸ್ಕೂಟರಿನ ಹಿಂದೆ ಕೂತು ಅಲೆದೆ. ಹೋದ ದಾರಿಯನ್ನು ಫೋನು ಗುರುತು ಹಾಕಿಕೊಳ್ಳುತ್ತಿತ್ತು. ಮರಳಿ ಬಂದು ಅದನ್ನು ನಕಾಶೆಯಲ್ಲಿ ಗೆರೆಯಾಗಿ ಎಳೆಯುತ್ತಿದ್ದೆ. ಒಂದೇ ಊರಿಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹೆಸರು, ಎರಡನ್ನೂ ಬರೆದೆ. ಸೊಂಟ ಹಿಡಿದುಕೊಂಡಿತು. ಐವತ್ತು ದಾಟಿದವನು ಮಾಡುವ ಕೆಲಸವಲ್ಲ ಇದು ಅನ್ನಿಸುತ್ತಿತ್ತು. ಕೊನೆಕೊನೆಗೆ, ಮುಗಿದರೆ ಸಾಕೆಂದು, ಯಾರನ್ನೂ ಏನೂ ಕೇಳದೆ ಎಳೆಯತೊಡಗಿದೆ.

ಮಳೆ ಹಿಡಿದ ಮೇಲೆ, ಹೊಸದಾಗಿ ಸೇರಿದ ನರ್ಸ್ ಒಬ್ಬರು ನಾನು ಹಾಗೆ ಎಳೆದ ಗೆರೆಯೊಂದನ್ನೇ ನಂಬಿ ಹೋಗಿ ಹಳ್ಳದ ದಂಡೆಯಲ್ಲಿ ನಿಂತರು. ಕೆಂಪು ನೀರು ಎದೆಮಟ್ಟ ಹರಿಯುತ್ತಿತ್ತಂತೆ. ಸುತ್ತು ಹಾಕಿ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆಚೆ ದಂಡೆಯ ಮನೆಯಲ್ಲಿ, ಮೂತ್ರಕ್ಕೆ ಹಾಕಿದ್ದ ನಳಿಗೆ ಕಟ್ಟಿಕೊಂಡು ಮೂತ್ರ ಹೋಗದೆ, ಅಜ್ಜ ಒಬ್ಬರು ಬೆಳಗಿನಿಂದ ನೋವು ತಿನ್ನುತ್ತ ಮಲಗಿದ್ದರು.

ಮರುದಿನ ನಾನೇ ಆ ಮನೆಗೆ ಹೋದೆ. ಎಮ್ಮೆ ಕಟ್ಟಿಕೊಂಡು ಬದುಕಿದ ಮನೆತನ. ಅಜ್ಜಿ ಕಂಬಳಿ ಹಾಸಿ ಕುಂದರ್ರಿ ಅಂದರು. ತಪ್ಪು ನನ್ನದು ಎಂದೆ. ಅವರು ಬೈಯಲಿಲ್ಲ.

“ನೀವು ಬ್ಯಾಸಗ್ಯಾಗ ಬಂದಿದ್ರಿ. ಆವಾಗ ಅದು ದಾರಿನ, ಖರೇ. ಮಳಿಗಾಲದಾಗ ಹಳ್ಳ. ಕೇಳಿದ್ರ ಹೇಳತಿದ್ವಿ,” ಅಂದರು.

ಒಳಗೆ ಅಜ್ಜ ನಿದ್ದೆ ಹೋಗಿದ್ದರು. ಅಜ್ಜಿ ಕೊಟ್ಟ ಚಹಾ ಕುಡಿದು ಹೊರಟೆ.

ಆಮೇಲೆ ಮೊದಲಿನಿಂದ ಶುರು ಮಾಡಿದೆ. ಊರೂರಿನಲ್ಲಿ ಯಾವ ದಾರಿ ಎಷ್ಟು ತಿಂಗಳು ತೆರೆದಿರುತ್ತದೆ ಎಂದು ಕೇಳಿ, ಮಳೆಗಾಲದಲ್ಲಿ ಮುಚ್ಚುವ ದಾರಿಗಳಿಗೆ ಬೇರೆ ಬಣ್ಣ ಕೊಟ್ಟೆ. ದೀಪಾವಳಿ ಬಂದರೂ ಅರ್ಧ ಮುಗಿದಿರಲಿಲ್ಲ. ಅಷ್ಟರಲ್ಲಿ ಆ ಅಜ್ಜ ತೀರಿಕೊಂಡರು. ಅವರ ಮನೆಯ ಗುರುತನ್ನು ಅಪ್ಲಿಕೇಶನ್‌ನಿಂದ ತೆಗೆಯಬೇಕೆಂದು ಹಿರಿಯ ನರ್ಸ್ ಫೋನು ಮಾಡಿ ಹೇಳಿದರು. ಒಂದು ಕ್ಷಣದ ಕೆಲಸ. ಎರಡು ದಿನ ಬಿಟ್ಟು ತೆಗೆದೆ.