ಮರಳಲ್ಲಿ ಹೂತ ಬುತ್ತಿ ಡಬ್ಬಿ

ಎಡವಿ ಬೀಳಲು ಒಂದು ನೆಟ್ಟಗಿನ ಗುಡ್ಡವೂ ಇಲ್ಲದ ಕತಾರಿನಲ್ಲಿ ಕುಳಿತು ಹಿಮಾಲಯದ ಬಗ್ಗೆ ಉಪದೇಶ ಮಾಡುವುದಕ್ಕೆ ಭಂಡಧೈರ್ಯ ಬೇಕು. ನಮ್ಮ ಕಟ್ಟಡ ಕಂಪನಿಯ ಸೇಫ್ಟಿ ಮ್ಯಾನೇಜರರಿಗೆ ಅದು ಧಾರಾಳವಾಗಿತ್ತು. ಮಂಗಳೂರಿನವರು. ಒಮ್ಮೆ ರಜೆಯಲ್ಲಿ ಕಾಶ್ಮೀರಕ್ಕೆ ಹೋಗಿ ಒಂದು ವಾರ ಹಿಮದ ಮೇಲೆ ಜಾರುವ ಸ್ಕೀ ಕಲಿತು ಬಂದಿದ್ದರು. ಚಳಿಗೆ ಮೂಗಿನ ಚರ್ಮ ಸುಲಿದದ್ದನ್ನೇ ಪದಕದ ಹಾಗೆ ತೋರಿಸಿಕೊಂಡು ತಿರುಗಿದರು. ಲಿಫ್ಟಿನಲ್ಲಿ ಮೇಲೇರಿ ಜಾರುವುದು ಮಕ್ಕಳಾಟವಂತೆ. ಯಾರೂ ತುಳಿಯದ ಹಿಮದ ಬೆಟ್ಟವನ್ನು ಕಾಲಿಗೆ ಸ್ಕೀ ಕಟ್ಟಿಕೊಂಡು ತಾನೇ ಹತ್ತಿ, ತಾನೇ ಇಳಿಯುವವನೇ ಗಂಡಸಂತೆ. ಅಂಥ ಗಂಡಸರು ಅವರಿಗೆ ಆಫೀಸಿನಲ್ಲೇ ಇಬ್ಬರು ಸಿಕ್ಕಿದರು: ಹುಬ್ಬಳ್ಳಿಯ ಸರ್ವೇಯರ್ ಒಬ್ಬರು, ಮತ್ತು ಸೇಫ್ಟಿ ವಿಭಾಗದ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಉಡುಪಿಯ ನಾನು. ಹಿಂದಿನ ಚಳಿಗಾಲ ನಾವಿಬ್ಬರೂ ಅದೇ ಕಾಶ್ಮೀರಕ್ಕೆ ಹೋಗಿ ಬೀಳದೆ ನಿಲ್ಲುವಷ್ಟು ಕಲಿತಿದ್ದೆವು. ಈ ಸಲ ಬೆಟ್ಟ ಹತ್ತುವುದೆಂದು ತೀರ್ಮಾನವಾಯಿತು.

ಹಿಮ ಕುಸಿದರೆ ಏನು ಗತಿ? ಅದಕ್ಕೂ ಅವರಲ್ಲಿ ಉತ್ತರವಿತ್ತು. ಅಂಗೈ ಗಾತ್ರದ ಮೂರು ಯಂತ್ರಗಳನ್ನು ಯುರೋಪಿನಿಂದ ತರಿಸಿದ್ದರು. ಎದೆಗೆ ಕಟ್ಟಿಕೊಂಡರೆ ಅದು ಸಿಗ್ನಲ್ ಕಳಿಸುತ್ತಿರುತ್ತದೆ. ಒಬ್ಬ ಹೂತುಹೋದರೆ ಉಳಿದವರು ತಮ್ಮ ಯಂತ್ರದ ಸ್ವಿಚ್ಚನ್ನು ಹುಡುಕಾಟಕ್ಕೆ ತಿರುಗಿಸಿ, ಬೀಪ್ ಸದ್ದಿನ ಜಾಡು ಹಿಡಿದು ಹೋಗಿ ಅಗೆಯಬೇಕು. ಹದಿನೈದು ನಿಮಿಷದೊಳಗೆ ಹೊರಗೆ ತೆಗೆದರೆ ಬದುಕುವ ಆಸೆಯುಂಟು. ಆಮೇಲೆ ದೇವರೇ ಗತಿ.

ಅಭ್ಯಾಸಕ್ಕೆ ಹಿಮವಿಲ್ಲ, ಮರಳಿತ್ತು. ವಾರದ ರಜೆಯ ಒಂದು ಶುಕ್ರವಾರ ಅಬು ಹಮೂರಿನ ಚರ್ಚಿನಿಂದ ಹೊರಬಂದ ನನ್ನನ್ನೂ ನನ್ನ ಹೆಂಡತಿಯನ್ನೂ ಕಾರಿಗೆ ಹತ್ತಿಸಿಕೊಂಡು ಮ್ಯಾನೇಜರ್ ದಕ್ಷಿಣದ ಮರಳುದಿಬ್ಬಗಳಿಗೆ ಹೊರಟರು. ಹುಬ್ಬಳ್ಳಿಯವರು ಆಗಲೇ ಮುಂದಿನ ಸೀಟಿನಲ್ಲಿದ್ದರು. ಹೆಂಡತಿ ನೀರುದೋಸೆ ತುಂಬಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎಲ್ಲರೂ ಸೇರಿ ಖಾಲಿ ಮಾಡಿ, ಅದರೊಳಗೆ ನನ್ನ ಯಂತ್ರವನ್ನು ಇಟ್ಟೆವು. ಅವಳೇ ದಿಬ್ಬದ ಆಚೆ ಹೋಗಿ ಅದನ್ನು ಹೂತು ಬಂದು, ಗಡಿಯಾರ ನೋಡುತ್ತ ನಿಂತಳು.

"ಯಲ್ಲಾ, ಹೊರಡಿ!" ಎಂದು ಮ್ಯಾನೇಜರ್ ಓಡಿದರು. ಹುಬ್ಬಳ್ಳಿಯವರ ಯಂತ್ರ ಜೋರಾಗಿ ಬಡಿದುಕೊಳ್ಳತೊಡಗಿತು. ಅದು ತೋರಿಸಿದ ಕಡೆ ಹೋದರೆ ಅಲ್ಲಿ ಮ್ಯಾನೇಜರ್. ಅವರು ಎಡಕ್ಕೆ ಸರಿದರೆ ಇವರೂ ಎಡಕ್ಕೆ. ಮ್ಯಾನೇಜರ್ ನಿಂತ ಜಾಗದಲ್ಲೆಲ್ಲ ಇಬ್ಬರೂ ಬೆವರು ಸುರಿಸಿ ಅಗೆದರು. ಮಹಾಶಯರು ತಮ್ಮ ಸ್ವಿಚ್ಚನ್ನು ತಿರುಗಿಸಿರಲೇ ಇಲ್ಲ. ಹೂತವರ ಹಾಗೆ ತಾವೇ ಸಿಗ್ನಲ್ ಕಳಿಸುತ್ತಿದ್ದರು. ಎದುರಿಗೇ ಉಸಿರಾಡುತ್ತ ನಿಂತವರನ್ನು ಅರ್ಧ ಗಂಟೆ ಹುಡುಕಿದ ಮೇಲೆ ಈ ಜ್ಞಾನೋದಯವಾಯಿತು.

ಡಬ್ಬಿ ಸಿಕ್ಕಾಗ ನಲವತ್ತಮೂರು ನಿಮಿಷ ಕಳೆದಿತ್ತು. ಮ್ಯಾನೇಜರ್ ಕಾರಿನಿಂದ ತರಬೇತಿಯ ದಾಖಲೆಗೆಂದು ಒಂದು ಫಾರ್ಮ್ ತೆಗೆದು ನನ್ನ ಕೈಗಿತ್ತರು.

"ಹದಿನಾಲ್ಕು ಅಂತ ಬರಿ ಮಾರಾಯ. ಸ್ವಿಚ್ಚಿನ ಟೈಮ್ ಕಳೆದ್ರೆ ಅಷ್ಟೇ ಆಗ್ತದೆ. ಖಲಾಸ್."

ನಾನು ಬರೆದೆ. ಸಾಕ್ಷಿ ಎಂಬಲ್ಲಿ ಸಹಿಯನ್ನೂ ಹಾಕಿದೆ. ಉಮ್ಮ್ ಸಲಾಲಿನ ಸೈಟಿನಲ್ಲಿ ನಡೆಯದ ಸುರಕ್ಷತಾ ಡ್ರಿಲ್ಲುಗಳನ್ನು ನಡೆದವೆಂದು ಕುರ್ಚಿಯಲ್ಲೇ ಕುಳಿತು ಬರೆದ ಕೈಗೆ ಇದೇನೂ ದೊಡ್ಡ ಕೆಲಸವಾಗಿರಲಿಲ್ಲ.

ಹೆಂಡತಿ ನನ್ನೊಡನೆ ಮಾತಾಡುವುದು ಕೊಂಕಣಿಯಲ್ಲಿ. ಅಂದು ಎಲ್ಲರಿಗೂ ಕೇಳಲೆಂದು ಕನ್ನಡದಲ್ಲಿ ಕೇಳಿದಳು: "ಹದಿನಾಲ್ಕು ನಿಮಿಷಕ್ಕೆ ಸಿಕ್ಕಿದ್ದು ಯಾವ ಡಬ್ಬಿ ಸರ್? ನನ್ನದು ಸಿಕ್ಕಿದ್ದು ನಲವತ್ತಮೂರಕ್ಕೆ. ಅದ್ರೊಳಗೆ ಇವ್ರು ಇದ್ದಿದ್ರೆ?"

"ಮರಳು ಬೇರೆ, ಹಿಮ ಬೇರೆ, ಆಯ್ತಾ?" ಎಂದು ಮ್ಯಾನೇಜರ್ ನಕ್ಕರು. ಹುಬ್ಬಳ್ಳಿಯವರೂ ನಕ್ಕರು. ನಾನು ಡಬ್ಬಿಯ ಮರಳು ಕೊಡವಿ ಅವಳ ಕೈಗಿತ್ತೆ.

ಭಾನುವಾರ ಆಫೀಸಿನಲ್ಲಿ ಮ್ಯಾನೇಜರರಿಗೆ, ನಾನು ಬರುವುದಿಲ್ಲ ಎಂದೆ.

"ಹೆಂಡತಿ ಬಿಡ್ಲಿಲ್ವಾ?"

"ಹೌದು ಸರ್."

ನಿಮ್ಮನ್ನು ನಂಬಿ ಬೆಟ್ಟಕ್ಕೆ ಬರಲಾರೆ ಎನ್ನಲು ನಾಲಿಗೆ ಹೊರಳಲಿಲ್ಲ. ಹೆಂಡತಿಯ ಸೆರಗಿನ ಹಿಂದೆ ಅಡಗಿ ಬಚಾವಾದೆ.

ಅವರಿಬ್ಬರೂ ಹೋದರು, ಕೈಕಾಲು ನೆಟ್ಟಗಿಟ್ಟುಕೊಂಡೇ ಬಂದರು. ಮ್ಯಾನೇಜರ್ ಫೋಟೋ ಹಿಡಿದು ಮೇಜಿನಿಂದ ಮೇಜಿಗೆ ನಡೆದರು. "ಎಂತ ಆಯ್ತು? ಎಂತದೂ ಇಲ್ಲ! ನೀನೊಬ್ಬ ಪುಕ್ಕಲ." ಆಫೀಸೆಲ್ಲ ನಕ್ಕಿತು. ಹಿಮ ಜಾರದೆ ಉಳಿದದ್ದನ್ನು ತಮ್ಮ ಜಾಣತನ ಎಂದುಕೊಂಡ ಆ ಮುಖ ನೋಡಿ ನನಗೆ ಅಸಹ್ಯವಾಯಿತು.

ಚಹಾದ ಹೊತ್ತಿಗೆ ಹುಬ್ಬಳ್ಳಿಯವರು ಪಕ್ಕಕ್ಕೆ ಕರೆದು ಉಳಿದ ಕತೆ ಹೇಳಿದರು. "ರಾತ್ರಿ ಹಿಮ ಭಾಳ ಬಿದ್ದಿತ್ರಿ, ಮ್ಯಾಲೆ ಗಾಳಿ. ಈ ಇಳಿಜಾರು ಬ್ಯಾಡ, ಕುಸೀತದ ಅಂತ ಗೈಡ್ ಕೈ ಮುಗದ. ನಮ್ಮ ಸಾಹೇಬ್ರು ಕೇಳ್ತಾರೇನು? ನಮ್ದು ಟ್ರೇನಿಂಗ್ ಆಗೇದ ಅಂತ ಫಾರ್ಮ್ ತಗದು ತೋರ್ಸಿದ್ರು. ಹದಿನಾಲ್ಕು ನಿಮಿಷ ಅಂತ ಇತ್ತಲ್ರಿ, ಅದ. ಅವ ಓದಿ ಸುಮ್ಮನಾದ." ಆಮೇಲೆ ದನಿ ತಗ್ಗಿಸಿ ನಕ್ಕರು. "ಇಳದ ಮ್ಯಾಲೆ ನೋಡ್ತೀನಿ, ನಾ ಮಷಿನ್ ಆನ್ ಮಾಡೇ ಇಲ್ಲ! ಯಾರೂ ನೋಡಿಲ್ಲ. ಹೂತಿದ್ರ ಸಿಗತಿರ್ಲಿಲ್ರಿ."

ಹುಬ್ಬಳ್ಳಿಯವರಿಗೆ ಅಲ್ ಥುಮಾಮಾದ ಮನೆಯಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ನನಗೆ ನಗು ಬರಲಿಲ್ಲ. ಮ್ಯಾನೇಜರ್ ಮೂರ್ಖರು, ಅದರಲ್ಲಿ ಇವತ್ತಿಗೂ ನನಗೆ ಅನುಮಾನವಿಲ್ಲ. ಆದರೆ ಆ ಗೈಡಿನ ಬಾಯಿ ಮುಚ್ಚಿಸಿದ ಕಾಗದದಲ್ಲಿ ಇದ್ದದ್ದು ನನ್ನ ಕೈಬರಹ, ನನ್ನ ಸಹಿ. ಅದನ್ನು ನಂಬದೆ ಮನೆಯಲ್ಲಿ ಉಳಿದವನು ನಾನೊಬ್ಬನೇ.